ಮನೆಯೊಳಗೇ ಕಳೆದುಹೋಗುವವರು

ಗಡಿಯ ಈಚೆ ಹುಟ್ಟಿ ಬೆಳೆದ ನಮ್ಮಂಥವರಿಗೆ ಮುಪ್ಪಿನ ಮರೆವನ್ನು ಕುರಿತು ಎರಡು ಗಾದೆಗಳು ಒಟ್ಟಿಗೇ ದೊರೆತಿವೆ. ಮನೆಯಲ್ಲಿ ಕೇಳಿದ್ದು ‘ಅರವತ್ತಕ್ಕೆ ಅರಳುಮರಳು’. ಮರಾಠಿ ಶಾಲೆಯ ಅಂಗಳದಲ್ಲಿ ಕಲಿತದ್ದು ‘ಸಾಠೀ ಬುದ್ಧೀ ನಾಠೀ’. ಭಾಷೆ ಬೇರೆಯಾದರೂ ಎರಡರ ತೀರ್ಪು ಒಂದೇ: ಅರವತ್ತು ದಾಟಿದ ಮೇಲೆ ಬುದ್ಧಿ ಕೈಕೊಡುವುದು ಲೋಕರೂಢಿ, ಅದಕ್ಕೆ ಕಾರಣ ಹುಡುಕುವ ಅಗತ್ಯವಿಲ್ಲ. ವೇದ ಸುಳ್ಳಾದರೂ ಗಾದೆ ಸುಳ್ಳಾಗದೆಂದು ತರಗತಿಯಲ್ಲಿ ಹೇಳುತ್ತ ಬಂದ ನಾನು ಈ ಒಂದು ಗಾದೆಯ ಮಟ್ಟಿಗೆ ತಕರಾರು ಎತ್ತಬೇಕಾಗಿದೆ. ಏಕೆಂದರೆ ಇದನ್ನು ನಂಬಿಯೇ ನಾನು ಅವ್ವನ ಕಾಯಿಲೆಯನ್ನು ನಾಲ್ಕು ವರ್ಷ ಕಾಣದೆ ಹೋದೆ. ಅಪ್ಪನ ಕಾಯಿಲೆ ಮಾತ್ರ ಒಂದೇ ತಿಂಗಳಲ್ಲಿ ಕಣ್ಣಿಗೆ ಬಿದ್ದಿತ್ತು.

ಅಪ್ಪ ಸೊಲ್ಲಾಪುರದ ಒಂದು ಅಡತಿ ಅಂಗಡಿಯಲ್ಲಿ ದಿವಾಣಜಿಯಾಗಿದ್ದರು. ಏಳನೆಯ ಇಯತ್ತೆಯವರೆಗೆ ಓದಿದವರು. ಅವರು ಬರೆದ ಕೀರ್ದಿಯಲ್ಲಿ ಒಂದು ಗೀಟೂ ಇರುತ್ತಿರಲಿಲ್ಲ. ಒಂದು ವರ್ಷ ದೀಪಾವಳಿಗೆ ಮುಂಚೆ ಅವರ ಬಲಗೈ ಜೋಮು ಹಿಡಿದು, ಎರಡು ದಿನದಲ್ಲಿ ಸರಿಹೋಯಿತು. ಆದರೆ ಅಂದಿನಿಂದ ಲೆಕ್ಕ ತಪ್ಪತೊಡಗಿತು. ಜಮೆಗೆ ಬರಬೇಕಾದ ರಕಮು ಖರ್ಚಿನ ಕಡೆಗೆ ಹೋಯಿತು. ಸಾವುಕಾರರು ವಾರದೊಳಗೆ ಮನೆಗೆ ಬಂದು, ‘ಯಜಮಾನರನ್ನ ಒಮ್ಮೆ ಡಾಕ್ಟರಿಗೆ ತೋರಸ್ರಿ’ ಎಂದರು. ತಿಂಗಳು ತುಂಬುವುದರೊಳಗೆ ತಲೆಯ ಸ್ಕ್ಯಾನ್ ಆಗಿತ್ತು. ಮಿದುಳಿನ ಸಣ್ಣ ರಕ್ತನಾಳಗಳು ಅಲ್ಲಲ್ಲಿ ಮುಚ್ಚಿಹೋಗಿದ್ದವು. ಹಳೆಯ ಬಿ.ಪಿ., ಅದರ ಜೊತೆಗೆ ನಲವತ್ತು ವರ್ಷದ ತಂಬಾಕು. ರಕ್ತನಾಳಗಳ ತೊಂದರೆಯಿಂದ ಬರುವ ಡಿಮೆನ್ಶಿಯಾ ಎಂದು ವೈದ್ಯರು ಹೆಸರಿಟ್ಟರು.

ಅವ್ವ ಎರಡು ವರ್ಷ ಮಾತ್ರ ಶಾಲೆಯ ಮುಖ ಕಂಡವಳು. ಆದರೆ ಮಾತಿನಲ್ಲಿ ಅವಳನ್ನು ಮೀರಿಸುವವರು ನಮ್ಮ ಓಣಿಯಲ್ಲಿ ಇರಲಿಲ್ಲ. ಯಾರದಾದರೂ ಹೆಸರು ನೆನಪಿಗೆ ಬಾರದಿದ್ದರೆ ‘ಆಕಿ, ಹಣಮಪ್ಪನ ಗುಡಿ ಹಿಂದಿನಾಕಿ’ ಎಂದು ದಾಟಿಬಿಡುತ್ತಿದ್ದಳು. ಇಟ್ಟ ವಸ್ತು ಸಿಗದಿದ್ದರೆ ಒಂದು ಗಾದೆ ಹೇಳಿ ಎಲ್ಲರನ್ನೂ ನಗಿಸುತ್ತಿದ್ದಳು. ಒಂದು ನಾಗರ ಪಂಚಮಿಯ ಹಿಂದಿನ ದಿನ ಉಂಡಿ ಕಟ್ಟಲು ಕುಳಿತವಳು, ಬೆಲ್ಲದ ಪಾಕ ಹದಕ್ಕೆ ಬಂದ ಮೇಲೆ ಮುಂದೇನು ಮಾಡಬೇಕೆಂದು ತಿಳಿಯದೆ ಸೌಟು ಹಿಡಿದು ಸುಮ್ಮನೆ ಕುಳಿತಿದ್ದಳಂತೆ. ಇದನ್ನು ನನಗೆ ಹೇಳಿದವಳು ನನ್ನ ಹೆಂಡತಿ. ಮುಂದೆಯೂ ಎರಡು ಮೂರು ಸಲ ಹೇಳಿದಳು. ಸೊಸೆ ಅತ್ತೆಯ ಮೇಲೆ ಹೇಳುವ ದೂರು ಎಂದೇ ಅದು ನನ್ನ ಕಿವಿಗೆ ಕೇಳಿಸಿತು. ‘ವಯಸ್ಸಾತು, ಅರಳುಮರಳು’ ಎಂದು ಮಾತು ಮುಗಿಸಿದೆ. ಅಪ್ಪನ ತಪ್ಪು ಕೀರ್ದಿಯಲ್ಲಿ ದಾಖಲಾಗುತ್ತಿತ್ತು. ಅವ್ವನ ಕೆಲಸಕ್ಕೆ ಯಾವ ಕೀರ್ದಿಯೂ ಇರಲಿಲ್ಲ. ಅವಳು ಮರೆತದ್ದನ್ನು ಸೊಸೆ ಸದ್ದಿಲ್ಲದೆ ಮಾಡಿ ಮುಗಿಸುತ್ತಿದ್ದಳು.

ನಾನು ಬಲ್ಲ ಎರಡೂ ಭಾಷೆಗಳು ಈ ಕಾಯಿಲೆಯ ಮೇಲೆ ಒಳ್ಳೆಯ ಚಲನಚಿತ್ರಗಳನ್ನು ಕೊಟ್ಟಿವೆ. ಮರಾಠಿಯಲ್ಲಿ ಸುಮಿತ್ರಾ ಭಾವೆ ಮತ್ತು ಸುನೀಲ ಸುಖಠಣಕರ್ ಅವರ ‘ಅಸ್ತು’ ಇದೆ. ಅಲ್ಲಿ ಸಂಸ್ಕೃತ ವಿದ್ವಾಂಸರೊಬ್ಬರು ಆನೆಯ ಹಿಂದೆ ನಡೆಯುತ್ತ ಕಳೆದುಹೋಗುತ್ತಾರೆ. ಮಾವುತನ ಹೆಂಡತಿ ಚನ್ನಮ್ಮ ಅವರನ್ನು ಮಗುವಿನಂತೆ ನೋಡಿಕೊಳ್ಳುತ್ತಾಳೆ. ಕನ್ನಡದಲ್ಲಿ 2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಇದೆ. ಅಲ್ಲಿ ಕಳೆದುಹೋದ ತಂದೆಯನ್ನು ಮಗ ಊರೆಲ್ಲ ಹುಡುಕುತ್ತಾನೆ. ಎರಡೂ ನನ್ನ ಮೆಚ್ಚಿನ ಚಿತ್ರಗಳು. ಆದರೆ ಎರಡರಲ್ಲಿಯೂ ಮರೆಯುವವನು ಗಂಡಸು, ಕಳೆದುಹೋಗುವುದು ಬೀದಿಯಲ್ಲಿ. ಬೀದಿಯಲ್ಲಿ ಕಳೆದವರನ್ನು ಹುಡುಕಲು ಜನ ಬರುತ್ತಾರೆ. ಹೊಸ್ತಿಲು ದಾಟದೆ ಅಡುಗೆಮನೆಯಲ್ಲಿಯೇ ಕಳೆದುಹೋದವಳನ್ನು ಹುಡುಕಬೇಕೆಂಬುದು ಯಾರಿಗೂ ಹೊಳೆಯುವುದಿಲ್ಲ.

ಅಂಕಿಅಂಶಗಳಾದರೋ ಬೇರೆಯದನ್ನೇ ಹೇಳುತ್ತವೆ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದರ ಅಂದಾಜಿನ ಪ್ರಕಾರ ಭಾರತದಲ್ಲಿ ಅರವತ್ತು ದಾಟಿದವರ ಪೈಕಿ ಶೇ. 7.4ರಷ್ಟು ಜನ, ಅಂದರೆ ಸುಮಾರು 88 ಲಕ್ಷ ಮಂದಿ, ಡಿಮೆನ್ಶಿಯಾದಿಂದ ಬಳಲುತ್ತಿದ್ದಾರೆ. ಅವರಲ್ಲಿ ಗಂಡಸರಿಗಿಂತ ಹೆಂಗಸರ ಪ್ರಮಾಣ ಹೆಚ್ಚು. ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ಓದಿದವರಿಗಿಂತ ಓದದವರಲ್ಲಿ ಹೆಚ್ಚು. ಈ ಮೂರನ್ನೂ ಕೂಡಿಸಿದರೆ ಮೂಡುವ ಚಿತ್ರ ವಿದ್ವಾಂಸರದ್ದಲ್ಲ. ಅಕ್ಕಲಕೋಟೆಯ ಅಥವಾ ಜತ್ತಿನ ಯಾವುದೋ ಹಳ್ಳಿಯಲ್ಲಿ ಕಟ್ಟೆಗೆ ಒರಗಿ ಕುಳಿತ ನಮ್ಮ ಆಯಿಯ ಚಿತ್ರ ಅದು.

ಈ ರೋಗದ ಇತಿಹಾಸವೂ ಒಬ್ಬ ಹೆಂಗಸಿನಿಂದಲೇ ಆರಂಭವಾಗುತ್ತದೆ. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಗೆ ಔಗುಸ್ಟೆ ಡೀಟರ್ ಎಂಬ 51 ವರ್ಷದ ಗೃಹಿಣಿಯನ್ನು ಸೇರಿಸಿದರು. ವೈದ್ಯ ಅಲೋಯ್ಸ್ ಆಲ್ಝೈಮರ್ ಹೆಸರು ಕೇಳಿದಾಗ ಆಕೆ ಔಗುಸ್ಟೆ ಎಂದಳು. ಮನೆತನದ ಹೆಸರು ಕೇಳಿದರೂ ಅದನ್ನೇ ಹೇಳಿದಳು. ಗಂಡನ ಹೆಸರು ಕೇಳಿದರೂ ಅದನ್ನೇ. 1906ರಲ್ಲಿ ಆಕೆ ತೀರಿಕೊಂಡ ನಂತರ ಅವಳ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ ಆಲ್ಝೈಮರ್, ಅಲ್ಲಿ ಕಂಡ ಗಂಟುಗಳನ್ನೂ ಮಚ್ಚೆಗಳನ್ನೂ ವೈದ್ಯರ ಸಭೆಯೊಂದರಲ್ಲಿ ವಿವರಿಸಿದರು. ಇಂದು ಡಿಮೆನ್ಶಿಯಾದ ಎಲ್ಲ ಬಗೆಗಳಲ್ಲಿ ಅತಿ ಸಾಮಾನ್ಯವಾದದ್ದು ಆಲ್ಝೈಮರ್ ಹೆಸರಿನ ಕಾಯಿಲೆ. ಅದರ ರೋಗಿಗಳಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಜನ ಹೆಂಗಸರು.

ಹೀಗೇಕೆ? ಮೊದಲ ಉತ್ತರ ಸರಳವಾದುದು. ಈ ರೋಗಕ್ಕೆ ವಯಸ್ಸೇ ಎಲ್ಲಕ್ಕಿಂತ ದೊಡ್ಡ ಕಾರಣ, ಹೆಂಗಸರು ಹೆಚ್ಚು ಕಾಲ ಬದುಕುತ್ತಾರೆ. ಆದರೆ ಇಷ್ಟರಿಂದಲೇ ಲೆಕ್ಕ ಪೂರ್ತಿಯಾಗುವುದಿಲ್ಲವೆಂದು ಅನೇಕ ಸಂಶೋಧಕರು ಹೇಳುತ್ತಾರೆ. ಈ ಕಾಯಿಲೆಯ ಸಾಧ್ಯತೆಯನ್ನು ಹೆಚ್ಚಿಸುವ ಎಪಿಒಇ-4 ಎಂಬ ವಂಶವಾಹಿಯ ಒಂದು ಪ್ರತಿ ಇರುವವರಲ್ಲಿ, 65ರಿಂದ 75ರ ವಯಸ್ಸಿನೊಳಗೆ ಹೆಂಗಸರಿಗೆ ಗಂಡಸರಿಗಿಂತ ಅಪಾಯ ಹೆಚ್ಚೆಂದು 2017ರ ಒಂದು ದೊಡ್ಡ ವಿಶ್ಲೇಷಣೆ ತೋರಿಸಿತು. ಮಿದುಳಿನಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನು ಒಂದೇ ಪ್ರಮಾಣದಲ್ಲಿ ಸೇರಿಕೊಂಡಿದ್ದರೂ, ನರಕೋಶಗಳನ್ನು ಕೆಡಿಸುವ ಟೌ ಎಂಬ ಇನ್ನೊಂದು ಪ್ರೋಟೀನು ಹೆಂಗಸರಲ್ಲಿ ಹೆಚ್ಚಾಗಿ ಕಂಡುಬಂದಿದೆ. ಮುಟ್ಟು ನಿಲ್ಲುವ ಕಾಲದಲ್ಲಿ ಈಸ್ಟ್ರೋಜೆನ್ ಇಳಿಯುವುದೂ ಮಿದುಳಿನ ಮೇಲೆ ಪರಿಣಾಮ ಬೀರುತ್ತದೆ. ಹಾಗೆಂದು ಅದನ್ನು ಗುಳಿಗೆಯ ರೂಪದಲ್ಲಿ ಕೊಟ್ಟರೆ ಸಾಕೆಂದಲ್ಲ. 65 ದಾಟಿದ ಹೆಂಗಸರಿಗೆ ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟಿನ್ ಕೂಡಿಸಿ ಕೊಟ್ಟ ಅಮೆರಿಕದ ಪ್ರಯೋಗದಲ್ಲಿ ಡಿಮೆನ್ಶಿಯಾ ಕಡಿಮೆಯಾಗುವ ಬದಲು ಎರಡು ಪಟ್ಟಾಯಿತೆಂದು 2003ರಲ್ಲಿ ತಿಳಿದುಬಂತು. ಗಂಡಸರ ದಾರಿ ಬೇರೆ. ತಂಬಾಕು, ಮದ್ಯ, ತಲೆಗೆ ಬಿದ್ದ ಪೆಟ್ಟು, ಹತೋಟಿಯಲ್ಲಿಲ್ಲದ ಬಿ.ಪಿ. ಇವು ಅವರಲ್ಲಿ ಹೆಚ್ಚು. ಪಾರ್ಕಿನ್ಸನ್ ಕಾಯಿಲೆಯ ಜೊತೆಗೆ ಬರುವ ಮರೆವೂ ಗಂಡಸರಲ್ಲಿಯೇ ಹೆಚ್ಚು.

ಭಾಷೆಯ ಅಧ್ಯಾಪಕನಾದ ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಸಂಗತಿ. ಮಾತಿನ ಸ್ಮರಣೆಯಲ್ಲಿ, ಅಂದರೆ ಕೇಳಿದ ಪದಗಳನ್ನು ನೆನಪಿಟ್ಟು ಹೇಳುವುದರಲ್ಲಿ, ಹೆಂಗಸರು ಜೀವನದುದ್ದಕ್ಕೂ ಗಂಡಸರಿಗಿಂತ ಸ್ವಲ್ಪ ಮುಂದಿರುತ್ತಾರೆ. ನೆನಪಿನ ನೆಲೆಯಾದ ಹಿಪ್ಪೊಕ್ಯಾಂಪಸ್ ಎಂಬ ಭಾಗ ಇಬ್ಬರಲ್ಲೂ ಒಂದೇ ಅಳತೆಯಲ್ಲಿ ಕುಗ್ಗಿದ್ದಾಗಲೂ ಮಾತಿನ ಪರೀಕ್ಷೆಯಲ್ಲಿ ಹೆಂಗಸರಿಗೆ ಹೆಚ್ಚು ಅಂಕ ಬಂದುದನ್ನು ಸಂಶೋಧಕರು ಕಂಡಿದ್ದಾರೆ. ಡಿಮೆನ್ಶಿಯಾವನ್ನು ಗುರುತಿಸುವ ಪರೀಕ್ಷೆಗಳಲ್ಲಿ ಬಹುಪಾಲು ಮಾತಿನ ಪರೀಕ್ಷೆಗಳೇ. ಆದ್ದರಿಂದ ಒಳಗೆ ರೋಗ ಬೆಳೆಯುತ್ತಿದ್ದರೂ ಹೊರಗೆ ಹೆಂಗಸು ಪಾಸಾಗುತ್ತಾಳೆ. ಮಾತೂ ಸೋತು ರೋಗ ಹೊರಬೀಳುವ ಹೊತ್ತಿಗೆ ಅದು ಬಹಳ ದೂರ ಹೋಗಿರುತ್ತದೆ. ಆಮೇಲಿನ ಇಳಿತ ವೇಗವಾಗಿರುತ್ತದೆ. ‘ಒಮ್ಮೆಲೇ ಹಿಂಗಾತು ನೋಡ್ರಿ’ ಎಂದು ಮನೆಯವರು ಹೇಳುವುದುಂಟು. ಒಮ್ಮೆಲೇ ಆದದ್ದಲ್ಲ, ಒಮ್ಮೆಲೇ ಕಂಡದ್ದು.

ಅವ್ವನನ್ನು ಕೊನೆಗೂ ಆಸ್ಪತ್ರೆಗೆ ಕರೆದೊಯ್ದ ದಿನ ಇದರ ಜೊತೆಗೆ ಇನ್ನೊಂದು ಪಾಠವನ್ನೂ ಕಲಿತೆ. ವೈದ್ಯರು ಸಜ್ಜನರು, ಮರಾಠಿಯಲ್ಲಿ ಮೃದುವಾಗಿಯೇ ಪ್ರಶ್ನೆ ಕೇಳಿದರು. ಇಂದಿನ ತಾರೀಖು ಎಷ್ಟು ಎಂದರು. ಅವ್ವ ನನ್ನ ಕಡೆ ತಿರುಗಿ, ‘ಎಳ್ಳ ಅಮಾಸಿ ಆಗಿ ನಾಕ ದಿನಾ ಆತಲ್ಲೋ’ ಎಂದಳು. ಅದು ನಿಜವಾಗಿತ್ತು. ಕಾಗದದ ಮೇಲೆ ಮಾತ್ರ ತಪ್ಪೆಂದು ಬಿತ್ತು. ಬಳಿಕ ‘ತುಮ್ಚ್ಯಾ ಆಯೀಚಂ ನಾವ ಕಾಯ್?’ ಎಂದು ಕೇಳಿದರು. ಮರಾಠಿಯಲ್ಲಿ ಆಯಿ ಎಂದರೆ ತಾಯಿ, ನಮ್ಮ ಕಡೆಯ ಕನ್ನಡದಲ್ಲಿ ಅಜ್ಜಿ. ಐವತ್ತು ವರ್ಷ ಸಂತೆಯಲ್ಲಿ ಮರಾಠಿ ಆಡಿದವಳು ಅಂದು ಆ ಪದವನ್ನು ತವರಿನ ಕಿವಿಯಿಂದ ಕೇಳಿ ತನ್ನ ಅಜ್ಜಿಯ ಹೆಸರು ಹೇಳಿದಳು. ಅದೂ ತಪ್ಪಾಯಿತು. ಕೊನೆಗೆ ಗಂಡನ ಹೆಸರು ಕೇಳಿದರು. ಅವಳು ತಲೆ ತಗ್ಗಿಸಿ ಸುಮ್ಮನಾದಳು, ಆಮೇಲೆ ಸೆರಗು ಸರಿಪಡಿಸಿಕೊಂಡು ಒಂದು ಉದ್ದನೆಯ ಒಡಪು ಹಾಕಿ ಹೆಸರು ಹೇಳಿದಳು. ವೈದ್ಯರು ಮೆಚ್ಚಿ ನಕ್ಕರು, ಮಾತು ಚೆನ್ನಾಗಿದೆ ಎಂದು ಬರೆದುಕೊಂಡರು. ಆದರೆ ಮದುವೆಯಾದಾಗ ಬಾಯಿಪಾಠ ಮಾಡಿದ ಒಡಪು ಅದು. ಆ ಹೆಸರಿನವರು ತೀರಿಕೊಂಡು ಮೂರು ವರ್ಷವಾಗಿತ್ತೆಂಬುದು ಅವಳಿಗೆ ನೆನಪಿರಲಿಲ್ಲ. ಮನೆಗೆ ಬರುವಾಗ ಆಟೋದಲ್ಲಿ, ‘ನಿಮ್ಮಪ್ಪ ಊಟಕ್ಕ ಬಂದಿರತಾರ, ಲಗೂ ನಡಿ’ ಎಂದಳು. ಪರೀಕ್ಷೆಯು ಅವಳಿಗೆ ತಿಳಿದಿದ್ದುದನ್ನು ತಪ್ಪೆಂದಿತು, ಅವಳು ಕಳೆದುಕೊಂಡಿದ್ದುದನ್ನು ಸರಿಯೆಂದಿತು. ನಡುವೆ ದುಭಾಷಿಯಾಗಿ ಕುಳಿತ ನಾನೂ ಅಲ್ಲಿ ಬಾಯಿಬಿಡಲಿಲ್ಲ.

ಶಾಲೆಗೆ ಹೋಗದವರಿಗೆ ಶಾಲೆಯ ಪ್ರಶ್ನೆ ಕೇಳುವುದು ಸರಿಯಲ್ಲವೆಂಬ ಅರಿವು ವೈದ್ಯಶಾಸ್ತ್ರಕ್ಕೆ ಇಲ್ಲದಿಲ್ಲ. ಹರಿಯಾಣದ ಬಲ್ಲಭ್‌ಗಢದ ಹಳ್ಳಿಗಳಲ್ಲಿ ಅಕ್ಷರ ಬಾರದ ಹಿರಿಯರಿಗೆ ಹೊಂದುವಂಥ ಹಿಂದಿ ಪರೀಕ್ಷೆಯನ್ನು 1990ರ ದಶಕದಲ್ಲಿಯೇ ಸಿದ್ಧಪಡಿಸಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ರೂಪಿಸಿದ ಪರೀಕ್ಷಾ ಸಾಧನ ಕನ್ನಡದಲ್ಲಿಯೂ ಇದೆ. ಆದರೆ ಗಡಿಯ ಈಚೆಗಿನ ಕನ್ನಡಿಗಳು ಮರಾಠಿ ವೈದ್ಯರ ಮುಂದೆ ಕುಳಿತಾಗ ಆ ಸಾಧನ ತಾನಾಗಿ ಅಲ್ಲಿಗೆ ನಡೆದು ಬರುವುದಿಲ್ಲ, ಯಾರಾದರೂ ಕೇಳಬೇಕು.

ಇನ್ನು ಶಿಕ್ಷಣದ ಮಾತು. ಸಾವಿತ್ರಿಬಾಯಿ ಫುಲೆಯವರು 1848ರಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸಿದ ನಾಡು ನಮ್ಮದು. ಅದಾಗಿ 113 ವರ್ಷಗಳ ನಂತರ, 1961ರ ಜನಗಣತಿಯಲ್ಲಿ, ಭಾರತದ ಗಂಡಸರಲ್ಲಿ ನೂರಕ್ಕೆ 40 ಜನ ಅಕ್ಷರಸ್ಥರಾಗಿದ್ದರೆ ಹೆಂಗಸರಲ್ಲಿ 15 ಜನ ಮಾತ್ರ ಇದ್ದರು. ಅಂದು ಶಾಲೆಯ ವಯಸ್ಸಿನಲ್ಲಿದ್ದ ಹುಡುಗಿಯರೇ ಇಂದು ಎಪ್ಪತ್ತು ದಾಟಿದ ನಮ್ಮ ತಾಯಂದಿರು. ಡಿಮೆನ್ಶಿಯಾದ ಸಂಭವವನ್ನು ತಗ್ಗಿಸಲು ನಮ್ಮ ಕೈಯಲ್ಲಿರುವ ಹದಿನಾಲ್ಕು ಅಂಶಗಳನ್ನು ‘ಲ್ಯಾನ್ಸೆಟ್’ ಪತ್ರಿಕೆಯ ಆಯೋಗವು 2024ರಲ್ಲಿ ಪಟ್ಟಿ ಮಾಡಿದೆ. ಬಾಲ್ಯದಲ್ಲಿ ಶಿಕ್ಷಣ ಸಿಗದಿರುವುದು ಅವುಗಳಲ್ಲೊಂದು. ಅಮೆರಿಕದ 678 ಕ್ರೈಸ್ತ ಸಂನ್ಯಾಸಿನಿಯರನ್ನು ಮುಪ್ಪಿನವರೆಗೂ ಗಮನಿಸಿದ ಪ್ರಸಿದ್ಧ ಅಧ್ಯಯನವೊಂದಿದೆ. ಅವರಲ್ಲಿ ಕೆಲವರು ಇಪ್ಪತ್ತರ ಹರೆಯದಲ್ಲಿ ಬರೆದ ಆತ್ಮಕಥನಗಳು ಉಳಿದಿದ್ದವು. ಯಾರ ವಾಕ್ಯಗಳಲ್ಲಿ ವಿಚಾರಗಳು ಒತ್ತಾಗಿ ತುಂಬಿದ್ದವೋ ಅವರಲ್ಲಿ ಆರು ದಶಕಗಳ ನಂತರ ಆಲ್ಝೈಮರ್ ಕಡಿಮೆ ಕಂಡಿತು. ಇದರಿಂದ ಬರವಣಿಗೆಯೇ ಮದ್ದೆಂದು ಸಾಧಿಸಿದಂತಾಗದು. ಆದರೂ ಹುಡುಗಿಯ ಕೈಯಿಂದ ಪಾಟಿ ಕಿತ್ತುಕೊಂಡದ್ದರ ಬೆಲೆಯನ್ನು ಅವಳ ಮಿದುಳು ಎಪ್ಪತ್ತರಲ್ಲಿ ತೆರುತ್ತಿರಬಹುದೆಂದು ಶಂಕಿಸಲು ಸಾಕಷ್ಟು ಕಾರಣವಿದೆ. ಹೆಂಗಸರ ಮಿದುಳು ಹುಟ್ಟಿನಿಂದ ಬೇರೆ ಎಂದು ಎಲ್ಲವನ್ನೂ ಪ್ರಕೃತಿಯ ತಲೆಗೆ ಕಟ್ಟುವವರೊಡನೆ ನನ್ನ ಭಿನ್ನಾಭಿಪ್ರಾಯ ಇಲ್ಲಿಯೇ. ಪ್ರಕೃತಿಯ ಪಾಲು ಇದೆ. ನಮ್ಮ ಪಾಲೂ ಇದೆ.

ಒಂದು ಸಮಾಧಾನದ ಸಂಗತಿಯನ್ನೂ ಹೇಳಬೇಕು. ಹೈದರಾಬಾದಿನಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ರೋಗಿಗಳನ್ನು ಅಭ್ಯಸಿಸಿ 2013ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಡಿಮೆನ್ಶಿಯಾ ಒಂದೇ ಭಾಷೆಯವರಿಗಿಂತ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತು. ಶಾಲೆಗೆ ಹೋಗದವರಲ್ಲಿಯೂ ಈ ಅಂತರ ಇತ್ತು. ಈ ತೀರ್ಮಾನವನ್ನು ಪೂರ್ತಿ ಒಪ್ಪದ ಸಂಶೋಧಕರೂ ಇದ್ದಾರೆ. ಆದರೆ ನಮ್ಮ ಸೀಮೆಯವರು ಕಿವಿಗೊಡಬೇಕಾದ ಮಾತಿದು. ಇಲ್ಲಿ ಎರಡನೆಯ ಭಾಷೆ ಸಂತೆಯಲ್ಲಿ, ಕಚೇರಿಯಲ್ಲಿ, ಕಾರ್ಖಾನೆಯಲ್ಲಿ ಸಿಗುತ್ತದೆ. ಹೊರಗೆ ಹೋದವರಿಗೆ ಅದು ಸಿಕ್ಕಿತು. ಮನೆಯಲ್ಲಿ ಉಳಿಸಿಕೊಂಡ ಹೆಣ್ಣುಮಕ್ಕಳಿಗೆ ಪುಸ್ತಕವೂ ಸಿಗಲಿಲ್ಲ, ಎಷ್ಟೋ ಜನಕ್ಕೆ ಎರಡನೆಯ ಭಾಷೆಯೂ ಸಿಗಲಿಲ್ಲ.

ರೋಗ ಬಂದ ಮೇಲಿನ ಆರೈಕೆಯಲ್ಲಿಯೂ ಇದೇ ತಾರತಮ್ಯ. ಡಿಮೆನ್ಶಿಯಾದವರ ಆರೈಕೆಗೆ ಸಲ್ಲುವ ಗಂಟೆಗಳಲ್ಲಿ ಶೇ. 70ರಷ್ಟನ್ನು ಹೆಂಗಸರೇ ಕೊಡುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಪ್ಪನನ್ನು ಅವ್ವ ನೋಡಿಕೊಂಡಳು, ಅವಳ ಮರೆವು ಆಗಲೇ ಆರಂಭವಾಗಿತ್ತು. ಅವ್ವನನ್ನು ನನ್ನ ಹೆಂಡತಿ ನೋಡಿಕೊಳ್ಳುತ್ತಿದ್ದಾಳೆ. ರಾತ್ರಿ ಮೂರು ಸಲ ಏಳುವವಳು ಅವಳು, ಸಂಕಿರಣದಲ್ಲಿ ಸ್ತ್ರೀಸಂವೇದನೆಯ ಪ್ರಬಂಧ ಓದುವವನು ನಾನು. ಈಗ ವಾರದಲ್ಲಿ ನಾಲ್ಕು ರಾತ್ರಿ ನನ್ನ ಪಾಳಿ. ಇದನ್ನು ದೊಡ್ಡಸ್ತಿಕೆಗಾಗಿ ಬರೆದದ್ದಲ್ಲ. ಇದು ಬಹಳ ತಡವಾಗಿ ಬಂತೆಂದು ಒಪ್ಪಿಕೊಳ್ಳಲು ಬರೆದೆ.

ವಿದ್ಯಾರ್ಥಿ ಮಿತ್ರರಲ್ಲಿ ನನ್ನ ವಿನಂತಿ ಇಷ್ಟು. ರಜೆಗೆ ಊರಿಗೆ ಹೋದಾಗ ಆಯಿಯ ಹತ್ತಿರ ಒಂದು ಗಂಟೆ ಕುಳಿತುಕೊಳ್ಳಿ. ಅವಳ ಹಳೆಯ ಹಾಡು, ಒಡಪುಗಳನ್ನು ಕೇಳಿ ಸಂತೋಷಪಡಿ, ಆದರೆ ಅಷ್ಟರಿಂದಲೇ ನೆನಪು ಗಟ್ಟಿಯಾಗಿದೆಯೆಂದು ತೀರ್ಮಾನಿಸಬೇಡಿ. ನಿನ್ನೆ ಯಾರು ಬಂದಿದ್ದರು, ಬೆಳಿಗ್ಗೆ ಏನು ಉಂಡಳು ಎಂದು ಕೇಳಿ. ದಿನವೂ ಮಾಡುವ ಅಡುಗೆಯಲ್ಲಿ ಕೈ ತಡವರಿಸುತ್ತಿದೆಯೇ ನೋಡಿ. ಮನೆಯ ಸೊಸೆ ಹೇಳುವ ಮಾತನ್ನು ದೂರೆಂದು ತಳ್ಳಿಹಾಕಬೇಡಿ. ಮೊದಲು ಕಂಡವಳು ಅವಳೇ ಆಗಿರುತ್ತಾಳೆ. ಅನುಮಾನ ಬಂದರೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಎಲ್ಲ ಮರೆವೂ ಡಿಮೆನ್ಶಿಯಾ ಅಲ್ಲ. ಥೈರಾಯ್ಡ್ ತೊಂದರೆ, ಬಿ-12 ಜೀವಸತ್ವದ ಕೊರತೆ, ಖಿನ್ನತೆ, ಮಂದವಾದ ಕಿವಿ ಇವುಗಳಿಂದಲೂ ಹಾಗೆ ಕಾಣಬಹುದು, ಇವಕ್ಕೆ ಚಿಕಿತ್ಸೆಯಿದೆ. ವೈದ್ಯರ ಮುಂದೆ ನನ್ನಂತೆ ಬಾಯಿ ಮುಚ್ಚಿಕೊಂಡು ಕುಳಿತುಕೊಳ್ಳಬೇಡಿ. ಆಯಿ ಎಂದರೆ ನಮ್ಮಲ್ಲಿ ಅಜ್ಜಿ ಎಂದು ಹೇಳಿ. ಎಳ್ಳ ಅಮಾವಾಸ್ಯೆಯ ಲೆಕ್ಕ ಸರಿಯಾಗಿದೆಯೆಂದು ಹೇಳಿ.

ನಮ್ಮ ವಿಭಾಗದಿಂದಲೂ ಒಂದು ಕೆಲಸ ಆಗಬೇಕೆಂದು ನನ್ನ ಅಭಿಪ್ರಾಯ. ಆಸ್ಪತ್ರೆಯಲ್ಲಿ ಹಿರಿಯರಿಗೆ ಕೇಳುವ ಪ್ರಶ್ನೆಗಳನ್ನು ಈ ಸೀಮೆಯ ಆಡುಗನ್ನಡಕ್ಕೆ ತಂದು, ಮರಾಠಿಯಲ್ಲಿ ಬೇರೆ ಅರ್ಥ ಕೊಡುವ ಪದಗಳನ್ನು ಪಟ್ಟಿ ಮಾಡಿ, ನಾಲ್ಕು ಪುಟದ ಕೈಪಿಡಿಯೊಂದನ್ನು ಊರಿನ ವೈದ್ಯರಿಗೆ ತಲುಪಿಸಬಹುದು. ಎರಡು ಭಾಷೆ ಬಲ್ಲ ನಮ್ಮ ವಿದ್ಯಾರ್ಥಿಗಳು ಇದಕ್ಕೆ ಯಾರಿಗಿಂತಲೂ ಅರ್ಹರು. ವಿಭಾಗದ ಮುಂದಿನ ಸಭೆಯಲ್ಲಿ ಇದನ್ನು ಮಂಡಿಸಲಿದ್ದೇನೆ.

ಅವ್ವ ಈಗ ಮರಾಠಿಯನ್ನು ಪೂರ್ತಿ ಬಿಟ್ಟಿದ್ದಾಳೆ. ಕೊನೆಗೆ ಕಲಿತ ಭಾಷೆ ಮೊದಲು ಜಾರುವುದು ಅನೇಕರಲ್ಲಿ ಕಂಡದ್ದೇ. ಮರಾಠಿ ಮಾಧ್ಯಮದಲ್ಲಿ ಓದುತ್ತಿರುವ ನನ್ನ ಮಗಳು ಅವಳ ಮಾತು ಅರ್ಥವಾಗದಿದ್ದಾಗಲೆಲ್ಲ ನನ್ನನ್ನು ಕೇಳಲು ಬರುತ್ತಾಳೆ. ಹಾಗೆ ಕೇಳಿ ಕೇಳಿ ಈಗ ಅವಳ ಕನ್ನಡ ನನ್ನ ತರಗತಿಯ ಕೆಲವರ ಕನ್ನಡಕ್ಕಿಂತ ಚೆನ್ನಾಗಿದೆ.